ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿದೆಯಾ? ಲಿಕ್ವಿಡ್ ಕೂಲರ್ ಕೊಳ್ಳುವ ಮುಂಚೆ ದೋಷ ಎಲ್ಲಿದೆ ಹುಡುಕಿ

"ರೆಂಡರ್ ಹಾಕಿದ ತಕ್ಷಣ 100 ಡಿಗ್ರಿ ಹೋಗುತ್ತೆ, 360ರ ಲಿಕ್ವಿಡ್ ಕೂಲರ್ ಹಾಕಿಸಿದರೆ ಸರಿಹೋಗುತ್ತಾ?" ಬೇಸಿಗೆ ಬಂತೆಂದರೆ ಡೆಸ್ಕ್‌ಟಾಪ್ ಇಟ್ಟುಕೊಂಡವರು ಕೇಳುವ ಪ್ರಶ್ನೆ ಇದು. ರೆಂಡರ್ ಅಂದರೆ ಎಡಿಟ್ ಮಾಡಿದ ವಿಡಿಯೋವನ್ನು ಕೊನೆಯ ಫೈಲಾಗಿ ಮಾಡುವ ಭಾರದ ಕೆಲಸ. ಲಿಕ್ವಿಡ್ ಕೂಲರ್ ಅಂದರೆ ಪ್ರೊಸೆಸರಿನ ಬಿಸಿಯನ್ನು ಪಂಪ್ ಮಾಡಿದ ನೀರಿನಿಂದ ರೇಡಿಯೇಟರಿಗೆ, ಅಂದರೆ ಫ್ಯಾನ್ ಗಾಳಿಯಲ್ಲಿ ನೀರನ್ನು ತಣಿಸುವ ಜಾಲರಿಗೆ, ಸಾಗಿಸುವ ಸಾಧನ. 360 ಅನ್ನುವುದು ಆ ರೇಡಿಯೇಟರಿನ ಮಿಲಿಮೀಟರ್ ಅಳತೆ. ಅಂಗಡಿಯಲ್ಲಿ ಸಿಗುವ ಉತ್ತರ ಹೆಚ್ಚಾಗಿ "ಹಾಕಿಸಿ ಬಿಡಿ" ಅಂತಲೇ. ನಾನು ಹೇಳುವುದು ಬೇರೆ. ಬಿಸಿ ಎಷ್ಟು ಏರಿತು ಅಂತ ನೋಡಿದಷ್ಟೇ ಗಮನ ಕೊಟ್ಟು ಅದು ಎಷ್ಟು ಬೇಗ ಏರಿತು ಅಂತಲೂ ನೋಡಿ. ದೋಷ ಎಲ್ಲಿದೆ ಅನ್ನುವ ಸುಳಿವು ಅಲ್ಲೇ ಇರುತ್ತದೆ. ಅದು ಗೊತ್ತಾದ ಮೇಲೆ ಲಿಕ್ವಿಡ್ ಕೂಲರ್ ಬೇಕೇ ಬೇಕು ಅಂತ ಕಂಡರೆ ಧಾರಾಳವಾಗಿ ಕೊಳ್ಳಿ, ಯಾವುದು ಕೊಳ್ಳಬೇಕು ಅಂತಲೂ ಕೆಳಗೆ ಬರೆದಿದ್ದೇನೆ. ಆದರೆ ಸುಮ್ನೆ ಹತ್ತು ಹನ್ನೆರಡು ಸಾವಿರ ಸುರಿದು, ಹಳೇ ದೋಷವನ್ನು ಹೊಸ ಕೂಲರ್ ಕೆಳಗೆ ಹಾಗೇ ಉಳಿಸಿಕೊಳ್ಳಬೇಡಿ.

ಇದು ದೋಷ ಹೌದಾ?

ಎಲ್ಲಾ ಬಿಸಿಯೂ ದೋಷ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಬಂದ ರೈಜನ್ 7000 ಸಾಲಿನ ಎಕ್ಸ್ ಮಾದರಿಗಳನ್ನು ಎಎಂಡಿ 95 ಡಿಗ್ರಿವರೆಗೆ ಓಡಲಿ ಅಂತಲೇ ರೂಪಿಸಿದೆ. ಫುಲ್ ಲೋಡ್ ಬಿದ್ದಾಗ ಪ್ರೊಸೆಸರ್ ತಾನೇ ವೇಗ ಏರಿಸುತ್ತಾ ಹೋಗುತ್ತದೆ, 95ಕ್ಕೆ ಅಥವಾ ವಿದ್ಯುತ್ ಮಿತಿಗೆ ತಾಗಿದಾಗ ನಿಲ್ಲುತ್ತದೆ. ರೈಜನ್ 9 7950ಎಕ್ಸ್‌ಗೆ ಆ ಮಿತಿ 230 ವ್ಯಾಟ್. ಇಂಥ ಪ್ರೊಸೆಸರ್‌ಗೆ ಒಳ್ಳೇ ಕೂಲರ್ ಹಾಕಿದರೂ ಕೆಲವೊಮ್ಮೆ 95 ಹಾಗೇ ಕಾಣುತ್ತದೆ, ವೇಗ ಮಾತ್ರ ಸ್ವಲ್ಪ ಜಾಸ್ತಿ ಆಗಿರುತ್ತದೆ. ಇದನ್ನು ತಿಳಿಯದೆ ಕೂಲರ್ ಮೇಲೆ ಕೂಲರ್ ಬದಲಿಸಿದವರಿದ್ದಾರೆ, ನೋಡಿದರೆ ಬೇಜಾರಾಗುತ್ತದೆ. ಅದೇ 7800ಎಕ್ಸ್3ಡಿ ಆದರೆ ಮಿತಿ 89 ಡಿಗ್ರಿ, ಮತ್ತೆ ಅದು ತಿನ್ನುವ ವಿದ್ಯುತ್ತೂ ಕಡಿಮೆ. ಗೇಮ್ ಆಡುವಾಗ ಅದು 89ಕ್ಕೇ ಅಂಟಿಕೊಂಡಿದ್ದರೆ ಅನುಮಾನ ಪಡಲೇಬೇಕು.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಕೆ ಮಾದರಿಗಳ ಮಿತಿ 100 ಡಿಗ್ರಿ. ಐ7-13700ಕೆ, ಐ7-14700ಕೆ, ಐ9-13900ಕೆ, ಐ9-14900ಕೆ, ಈ ನಾಲ್ಕಕ್ಕೂ ಕಂಪನಿ ಹೇಳಿದ ಟರ್ಬೋ (ಗರಿಷ್ಠ) ವಿದ್ಯುತ್ 253 ವ್ಯಾಟ್. ಐ5-13600ಕೆ ಮತ್ತು 14600ಕೆಗೆ 181. ಐ9ರ ಚಿಪ್ಪಿನ ಅಳತೆ ಸುಮಾರು 257 ಚದರ ಮಿಲಿಮೀಟರ್, ಅಂದರೆ ಒಂದೊಂದು ಚದರ ಮಿಲಿಮೀಟರಿನಿಂದ ಹತ್ತಿರ ಹತ್ತಿರ 1 ವ್ಯಾಟ್ ಬಿಸಿ ಹೊರಬರಬೇಕು. ಬೆರಳ ತುದಿಯಷ್ಟು ಜಾಗ, ಅದರಿಂದ ಅಷ್ಟು ಬಿಸಿ. ಹಾಗಾಗಿ ಇವು ಪ್ರೊಸೆಸರನ್ನು ಪೂರ್ತಿ ದುಡಿಸಿ ಅಳೆಯುವ ಸಾಫ್ಟ್‌ವೇರ್ ಆದ ಸಿನೆಬೆಂಚ್‌ನಲ್ಲಿ 90 ದಾಟಿದರೆ ಗಾಬರಿ ಬೇಡ. ಗೇಮ್‌ನಲ್ಲಿ ಅಥವಾ ಬ್ರೌಸರ್ ತೆರೆದಾಗ 90 ದಾಟಿದರೆ ಗಾಬರಿ ಬೇಕು.

ನಿಮ್ಮದು ದೋಷ ಹೌದೋ ಅಲ್ಲವೋ ಅಂತ ಹೇಳಲು ನನಗೆ ಮೂರು ಅಂಕಿ ಬೇಕು: ಡಿಗ್ರಿ, ಆ ಹೊತ್ತಿನ ವ್ಯಾಟ್, ಕೋಣೆಯ ಉಷ್ಣತೆ. "95 ಡಿಗ್ರಿ" ಅಂತ ಒಂದನ್ನೇ ಹೇಳಿದರೆ ಏನೂ ತಿಳಿಯುವುದಿಲ್ಲ. 250 ವ್ಯಾಟಿಗೆ 95 ಅಂದರೆ ಕೂಲರ್ ತನ್ನ ಕೆಲಸ ಮಾಡುತ್ತಿದೆ. 90 ವ್ಯಾಟಿಗೆ 95 ಅಂದರೆ ಏನೋ ಕೆಟ್ಟಿದೆ.

ಅಳೆಯುವುದು

ಎಚ್‌ಡಬ್ಲ್ಯೂಇನ್ಫೋ64 (HWiNFO64) ಅನ್ನುವ ಅಳತೆಯ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಸೆನ್ಸರ್ ಕಿಟಕಿ ತೆರೆದು ನಾಲ್ಕು ಸಾಲು ಹುಡುಕಿ: ಸಿಪಿಯು ಪ್ಯಾಕೇಜ್ ಉಷ್ಣತೆ, ಸಿಪಿಯು ಪ್ಯಾಕೇಜ್ ಪವರ್, ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದಾಗಿ ವೇಗ ತಗ್ಗುವುದು) ಅನ್ನುವ ಹೌದು-ಇಲ್ಲ ಸಾಲು, ಮತ್ತೆ ಫ್ಯಾನ್ ಹಾಗೂ ಪಂಪಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು). ಉಷ್ಣತೆಯ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಗ್ರಾಫ್ ತೆರೆದುಕೊಳ್ಳುತ್ತದೆ. ನಮಗೆ ಬೇಕಿರುವುದು ಈ ಗ್ರಾಫ್.

ಮಷಿನನ್ನು ಹತ್ತು ನಿಮಿಷ ಖಾಲಿ ಬಿಡಿ. ಆಮೇಲೆ ಸಿನೆಬೆಂಚ್‌ನ ಮಲ್ಟಿ ಕೋರ್ ಪರೀಕ್ಷೆಯನ್ನು ಅರ್ಧ ಗಂಟೆ ಓಡಲು ಹಾಕಿ. ಒಂದು ಸುತ್ತು ಓಡಿಸಿ ನಿಲ್ಲಿಸಬೇಡಿ. ಲಿಕ್ವಿಡ್ ಕೂಲರ್ ಇದ್ದರಂತೂ ಮೊದಲ ಐದು ನಿಮಿಷ ಒಳಗಿನ ನೀರೇ ಬಿಸಿಯನ್ನು ಕುಡಿದುಕೊಂಡು ಎಲ್ಲಾ ಚೆನ್ನಾಗಿದೆ ಅನ್ನಿಸುತ್ತದೆ, ನಿಜ ಸ್ಥಿತಿ ಕಾಣುವುದು ನೀರು ಬಿಸಿಯಾಗಿ ಒಂದು ಮಟ್ಟಕ್ಕೆ ನಿಂತ ಮೇಲೆ. ಕ್ಯಾಬಿನೆಟ್ಟಿನ ಮುಂದೆ, ಗಾಳಿ ಒಳಹೋಗುವ ಕಡೆ ಒಂದು ಸಾದಾ ಥರ್ಮಾಮೀಟರ್ ಇಡಿ.

ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ವಿದೇಶದ ಕೂಲರ್ ವಿಮರ್ಶೆಗಳಲ್ಲಿ ಪರೀಕ್ಷೆ ನಡೆಯುವುದು ಹೆಚ್ಚಾಗಿ 21-23 ಡಿಗ್ರಿ ಕೋಣೆಯಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯಲ್ಲಿ ಹೊರಗೆ 40 ದಾಟುವುದು ಮಾಮೂಲು, ಏಸಿ ಇಲ್ಲದ ಕೋಣೆಯಲ್ಲಿ 36-37 ಇರುತ್ತದೆ. ತಣ್ಣಗಿನ ಊರು ಅಂತ ನಂಬಿರುವ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ದಾಖಲಾಗಿದೆ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಅಲ್ಲಿ 82 ತೋರಿಸಿದ ಕೂಲರ್ ಇಲ್ಲಿ 96 ತೋರಿಸಿದರೆ ಅದು ಕೂಲರಿನ ತಪ್ಪಲ್ಲ. ಯಾವ ರೇಡಿಯೇಟರೂ ನೀರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು.

ಗ್ರಾಫ್ ಓದುವುದು ಹೇಗೆ

ಚಿಪ್ಪಿನಲ್ಲಿ ಹುಟ್ಟಿದ ಬಿಸಿ ಮೊದಲು ಮೇಲಿನ ಲೋಹದ ಮುಚ್ಚಳಕ್ಕೆ ಬರುತ್ತದೆ, ಅಲ್ಲಿಂದ ಪೇಸ್ಟ್ (ನಡುವಿನ ಸಂದಿ ತುಂಬಿ ಬಿಸಿ ದಾಟಿಸುವ ಲೇಪ) ದಾಟಿ ಕೂಲರಿನ ತಳಕ್ಕೆ, ಆಮೇಲೆ ಪೈಪ್ ಅಥವಾ ನೀರಿನ ಮೂಲಕ ಹೊರಗಿನ ಗಾಳಿಗೆ. ಮೊದಲ ಎರಡು ಹಂತ ಸೆಕೆಂಡುಗಳ ಆಟ. ಕೊನೆಯದಕ್ಕೆ ನಿಮಿಷಗಳು ಬೇಕು, ಯಾಕಂದರೆ ಅಷ್ಟು ಲೋಹ, ಅಷ್ಟು ನೀರು ಬಿಸಿಯಾಗಬೇಕು. ದೋಷ ಯಾವ ಹಂತದಲ್ಲಿದೆ ಅನ್ನುವುದನ್ನು ಗ್ರಾಫ್ ಹೇಳುವುದು ಇದರಿಂದಲೇ.

ಪರೀಕ್ಷೆ ಶುರುವಾದ ಎರಡು ಮೂರು ಸೆಕೆಂಡಿನಲ್ಲೇ ಗ್ರಾಫ್ ಗೋಡೆ ಹತ್ತಿದ ಹಾಗೆ ನೆಟ್ಟಗೆ ಮೇಲೆ ಹೋಗಿ 100ಕ್ಕೆ ತಾಗಿ ಅಲ್ಲೇ ನಿಂತರೆ, ಬಿಸಿ ಕೂಲರಿನ ತಳ ತಲುಪುತ್ತಲೇ ಇಲ್ಲ, ಅಥವಾ ಪ್ರೊಸೆಸರ್‌ಗೆ ಮಿತಿಮೀರಿ ವಿದ್ಯುತ್ ಹೋಗುತ್ತಿದೆ. ವ್ಯಾಟ್ ಸಾಲು ನೋಡಿದರೆ ಎರಡರಲ್ಲಿ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ. ಈ ಎರಡಕ್ಕೂ ದೊಡ್ಡ ರೇಡಿಯೇಟರ್ ಮದ್ದಲ್ಲ. ಬಾವಿಯಲ್ಲಿ ಎಷ್ಟೇ ನೀರಿದ್ದರೂ ಹಗ್ಗ ಗಿಡ್ಡ ಇದ್ದರೆ ಕೊಡ ತುಂಬುವುದಿಲ್ಲ.

ಮೊದಲು 75-80ಕ್ಕೆ ಹಾರಿ, ಆಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ಏರುತ್ತಾ ಹೋಗಿ 95-100 ಮುಟ್ಟಿದರೆ ತಳ ಚೆನ್ನಾಗಿ ಕೂತಿದೆ ಅಂತ ಅರ್ಥ. ಬಿಸಿಯನ್ನು ಗಾಳಿಗೆ ಬಿಡುವುದು ಸಾಲುತ್ತಿಲ್ಲ. ಧೂಳು ಕಟ್ಟಿರಬಹುದು, ಫ್ಯಾನ್ ನಿಧಾನ ತಿರುಗುತ್ತಿರಬಹುದು, ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿರಬಹುದು. ಇದೆಲ್ಲಾ ಸರಿಯಿದ್ದೂ ಹೀಗಾದರೆ ಮಾತ್ರ ನಿಮ್ಮ ಕೂಲರ್ ನಿಜವಾಗಿ ಚಿಕ್ಕದು. ಲಿಕ್ವಿಡ್ ಕೂಲರಿಗೆ ದುಡ್ಡು ಹಾಕಬೇಕಾದ ಜಾಗ ಇದೊಂದೇ.

ಸಿನೆಬೆಂಚ್‌ನಲ್ಲಿ ಏನೂ ತೊಂದರೆ ಇಲ್ಲ, ಗೇಮ್ ಆಡುವಾಗ ಮಾತ್ರ ಪ್ರೊಸೆಸರ್ ಬಿಸಿ ಅಂದರೆ ಗ್ರಾಫಿಕ್ಸ್ ಕಾರ್ಡ್ ಕಡೆ ನೋಡಿ. ಅದು 300 ವ್ಯಾಟ್ ಬಿಸಿಯನ್ನು ಕ್ಯಾಬಿನೆಟ್ ಒಳಗೇ ಉಗುಳುತ್ತಿರುತ್ತದೆ. ಪಕ್ಕದ ಗಾಜು ತೆಗೆದು ಅದೇ ಗೇಮನ್ನು ಅರ್ಧ ಗಂಟೆ ಆಡಿ. ಏಳೆಂಟು ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿನ ಗಾಳಿಯೇ ದೋಷ. ಮುಂದೆ ಎರಡು ಒಳ್ಳೇ ಫ್ಯಾನ್ ಹಾಕಿದರೆ ಮುಗಿಯುವ ಕೆಲಸ.

ಏನೂ ಓಡಿಸದೆ ಸುಮ್ನೆ ಡೆಸ್ಕ್‌ಟಾಪ್ ನೋಡುತ್ತಾ ಕೂತಾಗಲೇ 65, 70, 80 ಅಂತ ಏರುತ್ತಿದ್ದರೆ ಮಷಿನ್ ಆಫ್ ಮಾಡಿ. ಲಿಕ್ವಿಡ್ ಕೂಲರ್ ಇದ್ದರೆ ಪಂಪ್ ನಿಂತಿರುವ ಸಾಧ್ಯತೆ ಜಾಸ್ತಿ, ಹೊಸದಾಗಿ ಜೋಡಿಸಿದ ಮಷಿನ್ ಆದರೆ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿಲ್ಲ. ಒಂದು ಮಾತು ನೆನಪಿರಲಿ, ಬಯೋಸ್ (ಮಷಿನ್ ಆನ್ ಮಾಡಿದ ಕೂಡಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಒಳಗೆ 45-55 ಕಂಡರೆ ಅದು ಸಹಜ, ಅಲ್ಲಿ ಪ್ರೊಸೆಸರ್ ನಿದ್ದೆಗೆ ಹೋಗುವುದಿಲ್ಲ.

ನೆಟ್ಟಗೆ ಏರಿತು, ವ್ಯಾಟ್ ಕಡಿಮೆ ಇದೆ: ತಳ ಕೂತಿಲ್ಲ

ಕೂಲರ್ ಬಿಚ್ಚಿ. ಬಿಚ್ಚುವ ಮುಂಚೆ ಹತ್ತು ನಿಮಿಷ ಲೋಡ್ ಹಾಕಿ ಬಿಸಿ ಮಾಡಿಕೊಳ್ಳಿ, ಪೇಸ್ಟ್ ಮೆದುವಾಗುತ್ತದೆ. ಆಮೇಲೆ ಪವರ್ ತೆಗೆದು, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಎತ್ತಿ. ನೆಟ್ಟಗೆ ಎಳೆದರೆ ಎಎಂಡಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಗೂಡು) ಇರುವ ಮದರ್‌ಬೋರ್ಡಿನಲ್ಲಿ ಪ್ರೊಸೆಸರೇ ಅದರಿಂದ ಕಿತ್ತು ಬರುತ್ತದೆ, ಪಿನ್ ಬಗ್ಗಿ ಹೋಗುತ್ತದೆ.

ಈಗ ಪೇಸ್ಟ್ ಬಿದ್ದಿರುವ ಗುರುತನ್ನು ನೋಡಿ. ಸರಿಯಾಗಿ ಕೂತಿದ್ದರೆ ನಡುವೆ ಪೇಸ್ಟ್ ತೀರಾ ತೆಳುವಾಗಿ, ಕೆಳಗಿನ ಲೋಹ ಮಸುಕಾಗಿ ಕಾಣುವಷ್ಟು ಹರಡಿರುತ್ತದೆ, ಅಂಚಿನಲ್ಲಿ ಹೆಚ್ಚಾದದ್ದು ಗೆರೆಯಂತೆ ಹೊರಗೆ ಬಂದಿರುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಸ್ಕ್ರೂ ಸಮನಾಗಿ ಬಿಗಿಯಾಗಿಲ್ಲ. ನಡುವೆಯೇ ದಪ್ಪ ಇದ್ದರೆ ತಳ ಮುಚ್ಚಳವನ್ನು ಸರಿಯಾಗಿ ಒತ್ತಿಲ್ಲ. ಎರಡು ಮೂರು ವರ್ಷದ ಮಷಿನ್ ಆದರೆ ನಡುವೆ ಒಣಗಿ ಪೇಸ್ಟ್ ಎಲ್ಲಾ ಅಂಚಿಗೆ ಸರಿದಿರುವುದೂ ಉಂಟು. ಪದೇ ಪದೇ ಬಿಸಿಯಾಗಿ ತಣ್ಣಗಾಗಿ ಲೋಹ ಹಿಗ್ಗಿ ಕುಗ್ಗಿ ಅದನ್ನು ಹೊರಗೆ ತಳ್ಳುತ್ತದೆ.

ಇಂಟೆಲ್ ಎಲ್‌ಜಿಎ1700 ಸಾಕೆಟ್ ಆದರೆ ಎರಡು ವಿಷಯ ವಿಶೇಷವಾಗಿ ನೋಡಿ. ಕೂಲರ್ ಕೂರಿಸುವ ತೂತುಗಳ ನಡುವಿನ ಅಂತರ ಇದರಲ್ಲಿ 78 ಮಿಲಿಮೀಟರ್. ಹಿಂದಿನ ಎಲ್‌ಜಿಎ1200ರಲ್ಲಿ 75 ಇತ್ತು. ಸಾಲದ್ದಕ್ಕೆ 1700ರ ಪ್ರೊಸೆಸರ್ ಸ್ವಲ್ಪ ತಗ್ಗಿನಲ್ಲಿ ಕೂರುತ್ತದೆ. ಹಳೇ ಕೂಲರಿನ ಹಳೇ ಬ್ರಾಕೆಟ್ಟನ್ನೇ ಹೇಗೋ ಎಳೆದು ಕೂರಿಸಿದ್ದರೆ ಹೊರಗಿಂದ ಎಲ್ಲಾ ಬಿಗಿಯಾಗಿ ಕಾಣುತ್ತದೆ, ಒಳಗೆ ಒತ್ತಡವೇ ಇರುವುದಿಲ್ಲ. ಕೂಲರ್ ಕಂಪನಿಯ 1700ರ ಕಿಟ್ ತರಿಸಿ. ಎರಡನೆಯದು, ಈ ಸಾಕೆಟ್ಟಿನ ಲಾಚ್ ಪ್ರೊಸೆಸರಿನ ನಡುವನ್ನು ಎರಡು ಕಡೆಯಿಂದ ಒತ್ತುವುದರಿಂದ ಮುಚ್ಚಳ ನಡುವೆ ಸ್ವಲ್ಪ ತಗ್ಗಾಗಿ ಬಾಗುತ್ತದೆ. ಇದಕ್ಕೆಂದೇ ಲಾಚ್ ಬದಲಿಗೆ ಹಾಕುವ, ಸುತ್ತ ಸಮನಾಗಿ ಒತ್ತುವ ಕಾಂಟ್ಯಾಕ್ಟ್ ಫ್ರೇಮ್ ಸಿಗುತ್ತದೆ, ಥರ್ಮಲ್‌ರೈಟ್‌ನದು ಅಗ್ಗ. ಹಾಕಿದರೆ ಕೆಲವು ಡಿಗ್ರಿ ಇಳಿಯುತ್ತದೆ. ಆದರೆ ಅದನ್ನು ತುಂಬಾ ಬಿಗಿ ಮಾಡಿದರೆ ಒಂದು ರ್‍ಯಾಮ್ ಸ್ಲಾಟ್ ಕೆಲಸ ನಿಲ್ಲಿಸುವುದುಂಟು, ಹಾಗಾಗಿ ಹಗುರವಾಗಿ, ಕಾಲು ಕಾಲು ಸುತ್ತು ತಿರುಗಿಸಿ.

ರೈಜನ್ 7000ದಲ್ಲಿ ತೊಂದರೆ ಬೇರೆ ಥರ. ಬಿಸಿ ಹುಟ್ಟುವ ಚಿಪ್ಪು 70 ಚದರ ಮಿಲಿಮೀಟರಿನ ಆಸುಪಾಸಿನದು, ಅದೂ ಪ್ರೊಸೆಸರಿನ ನಡುವೆ ಇಲ್ಲ, ಒಂದು ಬದಿಗಿದೆ. ಮೇಲಿನ ಮುಚ್ಚಳವೂ ದಪ್ಪ, ಎಎಂ4 ಕೂಲರ್‌ಗಳು ಇದರ ಎಎಂ5 ಸಾಕೆಟ್ಟಿಗೂ ಕೂರಲಿ ಅಂತ ಹಾಗೆ ಮಾಡಿದ್ದು. ಕೆಲವು ಕೂಲರ್‌ಗಳ ಜೊತೆ ಆಫ್‌ಸೆಟ್ ಬ್ರಾಕೆಟ್ ಕೊಡುತ್ತಾರೆ, ತಳವನ್ನು ಆ ಬದಿಗೆ ಸ್ವಲ್ಪ ಸರಿಸಿ ಕೂರಿಸುವುದಕ್ಕೆ. ಇದ್ದರೆ ಬಳಸಿ.

ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆ ಬಟ್ಟೆ ಸಾಕು. ಹೊಸದು ಹಾಕುವಾಗ 1700ಕ್ಕೆ ಉದ್ದಕ್ಕೆ ಒಂದು ಗೆರೆ ಅಥವಾ ಓರೆಯಾಗಿ ಒಂದು ಗುಣಾಕಾರ ಚಿಹ್ನೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪೇಸ್ಟ್ ಬದಲು ಹಾಕುವ ಲಿಕ್ವಿಡ್ ಮೆಟಲ್ ಕಡೆ ಹೋಗಲೇಬೇಡಿ, ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ತಾಗಿದರೆ ತಿಂದುಹಾಕುತ್ತದೆ, ಬೋರ್ಡಿನ ಮೇಲೆ ಚೆಲ್ಲಿದರೆ ಶಾರ್ಟ್.

ನೆಟ್ಟಗೆ ಏರಿತು, ವ್ಯಾಟೂ ಜಾಸ್ತಿ ಇದೆ: ಬಯೋಸ್ ಒಳಗೆ ಹೋಗಿ

ಧಾರವಾಡದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಪರಿಚಯದವರೊಬ್ಬರ ಬಳಿ 13700ಕೆ ಇದೆ. ದೊಡ್ಡ ಎರಡು ಗೋಪುರದ ಫ್ಯಾನ್ ಕೂಲರ್ ಇದ್ದೂ ರೆಂಡರ್ ಹಾಕಿದ ತಕ್ಷಣ 100. ಮಷಿನ್ ಜೋಡಿಸಿದ ಅಂಗಡಿಯವರು 360 ಲಿಕ್ವಿಡ್‌ಗೆ ಕೊಟೇಶನ್ನೂ ಕೊಟ್ಟಾಗಿತ್ತು. ಬಯೋಸ್ ತೆರೆದರೆ ಪಿಎಲ್1, ಪಿಎಲ್2 (ದೀರ್ಘ ಹೊತ್ತಿನ ಮತ್ತು ಅಲ್ಪ ಹೊತ್ತಿನ ವಿದ್ಯುತ್ ಮಿತಿ) ಎರಡೂ ಕಡೆ 4096 ವ್ಯಾಟ್ ಅಂತ ಇತ್ತು. ಅಂದರೆ ಮಿತಿಯೇ ಇಲ್ಲ. ಮದರ್‌ಬೋರ್ಡ್ ಕಂಪನಿಗಳು ಬೆಂಚ್‌ಮಾರ್ಕಿನಲ್ಲಿ ಮುಂದೆ ಕಾಣಲಿ ಅಂತ ಇದನ್ನೇ ಡೀಫಾಲ್ಟ್ ಮಾಡಿಟ್ಟಿದ್ದ ಕಾಲ ಅದು. "ಸರ, ಕಡಿಮಿ ಮಾಡಿದ್ರ ರೆಂಡರ್ ಲೇಟ್ ಆಗೂದಿಲ್ಲೇನ್ರಿ?" ಅಂತ ಕೇಳಿದರು. ಎರಡೂ ಕಡೆ 253 ಬರೆದು ಅದೇ ಪ್ರಾಜೆಕ್ಟ್ ಮತ್ತೆ ರೆಂಡರ್ ಮಾಡಿ ಪಕ್ಕ ಪಕ್ಕ ಇಟ್ಟು ನೋಡಿದರು, ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಆಮೇಲೆ 180ಕ್ಕೆ ಇಳಿಸಿದಾಗ ಸ್ವಲ್ಪ ತಡವಾಯಿತು, ಆದರೆ ಉಷ್ಣತೆ 80ರ ಆಸುಪಾಸಿಗೆ ಬಂತು, ಫ್ಯಾನ್ ಸದ್ದೂ ಅಡಗಿತು. ಬೇಸಿಗೆಯಲ್ಲಿ 180, ಮಳೆಗಾಲ ಬಂದ ಮೇಲೆ 253 ಅಂತ ಈಗ ಎರಡು ಪ್ರೊಫೈಲ್ ಉಳಿಸಿಕೊಂಡಿದ್ದಾರೆ. ಕೊಟೇಶನ್ ಹಾಗೇ ಉಳಿಯಿತು.

ಕೊನೆಯ 70-80 ವ್ಯಾಟ್ ತರುವ ವೇಗ ತೀರಾ ಕಡಿಮೆ, ತರುವ ಬಿಸಿ ತುಂಬಾ ಜಾಸ್ತಿ. ಎಎಂಡಿಯಲ್ಲಿ ಇದೇ ಕೆಲಸಕ್ಕೆ ಎಕೋ ಮೋಡ್ ಇದೆ, 105 ಅಥವಾ 65 ವ್ಯಾಟ್ ಆಯ್ದುಕೊಳ್ಳಬಹುದು. ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಮೈನಸ್ 10ರಿಂದ ಶುರು ಮಾಡಿ ನಿಧಾನವಾಗಿ ಇಳಿಸುತ್ತಾ ಹೋಗುವುದೂ ಒಳ್ಳೇದು. ಮಷಿನ್ ರೀಸ್ಟಾರ್ಟ್ ಆಗತೊಡಗಿದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್ ಇಟ್ಟುಕೊಂಡವರು ಇದನ್ನು ಓದಲೇಬೇಕು. ಈ ಪ್ರೊಸೆಸರ್‌ಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗಿ ಒಳಗೇ ಹಾಳಾಗುವ ಸಮಸ್ಯೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ ಅನ್ನುವ ಮೈಕ್ರೋಕೋಡ್ (ಬಯೋಸ್ ಅಪ್‌ಡೇಟ್ ಮೂಲಕ ಬರುವ ಪ್ರೊಸೆಸರಿನ ಒಳ ಸಾಫ್ಟ್‌ವೇರ್) ಬಂತು, ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ ಐದು ವರ್ಷ ಮಾಡಿದರು. ಗೇಮ್ ತೆರೆಯುವಾಗ "ವಿಡಿಯೋ ಮೆಮೊರಿ ಸಾಲದು" ಅಂತ ಬಂದು ಮುಚ್ಚಿಹೋಗುವುದು ಇದರ ಲಕ್ಷಣ, ಗ್ರಾಫಿಕ್ಸ್ ಕಾರ್ಡಿನಲ್ಲಿ ಮೆಮೊರಿ ಬೇಕಾದಷ್ಟಿದ್ದರೂ. ಮೈಕ್ರೋಕೋಡ್ ಹಾನಿಯನ್ನು ತಡೆಯುತ್ತದೆ, ಆಗಲೇ ಆದದ್ದನ್ನು ಸರಿ ಮಾಡುವುದಿಲ್ಲ. ಹಾಗಾಗಿ ಬಿಸಿಯ ಜೊತೆ ಇಂಥ ಕ್ರ್ಯಾಶ್ ಕೂಡ ಇದ್ದರೆ ಕೂಲರ್ ಹುಡುಕುತ್ತಾ ಕೂರಬೇಡಿ, ಬಯೋಸ್ ಅಪ್‌ಡೇಟ್ ಮಾಡಿ, ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್ ಹಾಕಿ, ಆಮೇಲೂ ಕ್ರ್ಯಾಶ್ ಆದರೆ ನೇರವಾಗಿ ವಾರಂಟಿ.

ನಿಧಾನವಾಗಿ ಏರುತ್ತಿದೆ: ಗಾಳಿ

ಇಲ್ಲಿ ಮೊದಲ ಶತ್ರು ಧೂಳು. ಅದೂ ಕಣ್ಣಿಗೆ ಕಾಣದ ಜಾಗದಲ್ಲಿ. ಫ್ಯಾನ್ ಮತ್ತು ರೇಡಿಯೇಟರಿನ ನಡುವೆ ಇರುವ ಸಂದಿಯಲ್ಲಿ ಧೂಳು ಕಂಬಳಿಯ ತುಂಡಿನಂತೆ ಕಟ್ಟಿಕೊಂಡಿರುತ್ತದೆ, ಹೊರಗಿಂದ ನೋಡಿದರೆ ಫ್ಯಾನ್ ತಿರುಗುತ್ತಿರುತ್ತದೆ, ಎಲ್ಲಾ ಸ್ವಚ್ಛ. ಫ್ಯಾನ್ ಬಿಚ್ಚಿಯೇ ನೋಡಬೇಕು. ಬ್ರಶ್ ಮತ್ತು ಬ್ಲೋವರ್ ಬಳಸಿ, ಫ್ಯಾನಿಗೆ ಗಾಳಿ ಬಿಡುವಾಗ ಬೆರಳಿನಿಂದ ರೆಕ್ಕೆ ಹಿಡಿದುಕೊಳ್ಳಿ, ಬಿಟ್ಟರೆ ವಿಪರೀತ ವೇಗಕ್ಕೆ ತಿರುಗಿ ಬೇರಿಂಗ್ ಹೋಗುತ್ತದೆ. ರೇಡಿಯೇಟರಿನ ತೆಳು ಲೋಹದ ಫಿನ್‌ಗಳು ಮೆದು, ಗಟ್ಟಿ ಬ್ರಶ್ ಬೇಡ.

ಆಮೇಲೆ ಫ್ಯಾನ್ ದಿಕ್ಕು. ಮುಂದಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಫ್ಯಾನಿನ ಯಾವ ಮುಖದಲ್ಲಿ ಕಡ್ಡಿಗಳ ಚೌಕಟ್ಟು ಇದೆಯೋ ಗಾಳಿ ಆ ಕಡೆ ಹೋಗುತ್ತದೆ. ಒಂದು ಫ್ಯಾನ್ ಉಲ್ಟಾ ಇದ್ದರೆ ಸಾಕು, ಬಿಸಿ ಗಾಳಿ ಒಳಗೇ ಸುತ್ತುತ್ತದೆ. ಮೇಜಿನ ಕೆಳಗೆ ಮರದ ಗೂಡಿನಲ್ಲಿ ಕ್ಯಾಬಿನೆಟ್ ತುರುಕಿದ್ದರೆ ಮೊದಲು ಅದನ್ನು ಹೊರಗೆ ತನ್ನಿ.

ಈಗಾಗಲೇ ಲಿಕ್ವಿಡ್ ಕೂಲರ್ ಇದೆ, ಆದರೂ ಬಿಸಿ

ಎಐಒ ಅನ್ನುವ ಸೀಲ್ ಮಾಡಿದ ಕೂಲರ್‌ಗಳ ಬಗ್ಗೆ ಹೇಳುತ್ತಿದ್ದೇನೆ. ಪಂಪಿನ ಆರ್‌ಪಿಎಂ ನೋಡಿ. ಸೊನ್ನೆ ಇದ್ದರೆ ವೈರ್ ಬಿಚ್ಚಿದೆ ಅಥವಾ ಪಂಪ್ ಸತ್ತಿದೆ. ಪಂಪಿನ ವೈರನ್ನು ಮದರ್‌ಬೋರ್ಡಿನಲ್ಲಿ ಫ್ಯಾನಿಗೆಂದು ಇರುವ ಹೆಡರಿಗೆ (ವೈರ್ ಚುಚ್ಚುವ ಪಿನ್‌ಗಳಿಗೆ) ಹಾಕಿ, ಆ ಹೆಡರ್ ತಣ್ಣಗಿದ್ದಾಗ ವೋಲ್ಟೇಜ್ ಇಳಿಸುವಂತಿದ್ದರೆ ಪಂಪ್ ಅರೆಜೀವದಲ್ಲಿ ಓಡುತ್ತಿರುತ್ತದೆ. ಎಐಒ ಪಂಪ್ ಅಂತ ಬರೆದಿರುವ ಹೆಡರಿಗೇ ಹಾಕಿ, ಬಯೋಸ್‌ನಲ್ಲಿ ಫುಲ್ ಸ್ಪೀಡ್ ಕೊಡಿ.

ಆರ್‌ಪಿಎಂ ಸರಿ ತೋರಿಸಿದರೂ ನೀರು ಹರಿಯುತ್ತಿದೆ ಅಂತ ಗ್ಯಾರಂಟಿ ಇಲ್ಲ. ಒಳಗಿನ ತಾಮ್ರದ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳುಗಳಿವೆ, ವರ್ಷಗಳು ಕಳೆದಂತೆ ಅಲ್ಲಿ ಕೆಸರಿನಂಥದ್ದು ಕಟ್ಟಿಕೊಳ್ಳುತ್ತದೆ. ಇದನ್ನು ಕೈಯಿಂದಲೇ ಪತ್ತೆ ಮಾಡಬಹುದು. ಲೋಡ್ ಹಾಕಿ ಹದಿನೈದು ನಿಮಿಷ ಬಿಟ್ಟು ಎರಡೂ ಟ್ಯೂಬನ್ನು ಪಂಪಿನ ಹತ್ತಿರ ಮುಟ್ಟಿ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ 250 ವ್ಯಾಟ್ ಬಿಸಿಗೆ ಆ ನೀರು ಏರುವುದು ಮೂರೂವರೆ ಡಿಗ್ರಿಯಷ್ಟೇ. ಅಂದರೆ ಕೈಗೆ ಎರಡೂ ಟ್ಯೂಬ್ ಹೆಚ್ಚು ಕಡಿಮೆ ಒಂದೇ ಥರ ಬೆಚ್ಚಗಿರಬೇಕು. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಹರಿವು ನಿಂತಿದೆ. ಎರಡೂ ತಣ್ಣಗಿದ್ದು ಪ್ರೊಸೆಸರ್ 100ರಲ್ಲಿದ್ದರೆ ಬಿಸಿ ನೀರಿಗೆ ಇಳಿಯುತ್ತಲೇ ಇಲ್ಲ, ಮತ್ತೆ ತಳ ನೋಡಿ. ಎರಡೂ ಜೋರು ಬಿಸಿ ಇದ್ದು ರೇಡಿಯೇಟರಿನಿಂದ ಗಾಳಿ ತೀರಾ ಕಡಿಮೆ ಬರುತ್ತಿದ್ದರೆ ಧೂಳು ಅಥವಾ ಫ್ಯಾನ್. ನನಗೆ ಯಾವ ಸಾಫ್ಟ್‌ವೇರಿಗಿಂತ ಈ ಪರೀಕ್ಷೆಯ ಮೇಲೆ ನಂಬಿಕೆ ಜಾಸ್ತಿ.

ಗುಳುಗುಳು ಸದ್ದು ಬಂದರೆ ಪಂಪಿನೊಳಗೆ ಗಾಳಿ ಸೇರಿದೆ. ರಬ್ಬರ್ ಟ್ಯೂಬಿನ ಮೂಲಕ ನೀರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ, ಗಾಳಿ ಯಾವತ್ತೂ ಎತ್ತರದ ಜಾಗ ಸೇರುತ್ತದೆ. ಆ ಎತ್ತರದ ಜಾಗ ರೇಡಿಯೇಟರ್ ಆಗಿರಬೇಕು, ಪಂಪ್ ಆಗಿರಬಾರದು. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳದಲ್ಲಿ ಹಾಕಿದ್ದರೆ ತೆಗೆದು ಮೇಲೆ ಹಾಕಿ. ಮುಂದೆ ನಿಲ್ಲಿಸಿದ್ದರೆ ಅದರ ಮೇಲಿನ ತುದಿ ಪಂಪಿಗಿಂತ ಎತ್ತರ ಇರಲಿ, ಟ್ಯೂಬ್ ಕೆಳಗೆ ಬರುವಂತೆ ತಿರುಗಿಸಿದರೆ ಇನ್ನೂ ಒಳ್ಳೇದು. ಜೋಡಣೆಯ ಹತ್ತಿರ ಬಿಳಿ ಪುಡಿ, ಅಂಟು ಕಂಡರೆ ಸೋರುತ್ತಿದೆ, ಆಗ ಪರೀಕ್ಷೆ ಗಿರೀಕ್ಷೆ ಬೇಡ, ತಕ್ಷಣ ಪ್ಲಗ್ ಎಳೆಯಿರಿ.

ಸೀಲ್ ಒಡೆದು ನೀರು ತುಂಬಿಸುವ ವಿಡಿಯೋಗಳಿವೆ. ಬೋರ್‌ವೆಲ್ ನೀರಂತೂ ದೇವರಾಣೆ ಬೇಡ, ಸುಣ್ಣ ಕಟ್ಟುತ್ತದೆ. ವಾರಂಟಿ ಇದ್ದರೆ ಬದಲಿ ಪಡೆಯಿರಿ, ಮುಗಿದಿದ್ದರೆ ಹೊಸದು.

ಕೊಳ್ಳುವುದೇ ಸರಿ ಅಂತಾದರೆ

ತಳ ಸರಿ, ಬಯೋಸ್ ಸರಿ, ಧೂಳಿಲ್ಲ, ಆದರೂ ಗ್ರಾಫ್ ನಿಧಾನವಾಗಿ ಏರಿ 100 ಮುಟ್ಟುತ್ತಿದೆ, ನಿಮಗೆ ದಿನಾ ಗಂಟೆಗಟ್ಟಲೆ ಫುಲ್ ಲೋಡ್ ಕೆಲಸ ಇದೆ. ಆಗ ಲಿಕ್ವಿಡ್ ಕೂಲರ್ ಕೊಟ್ಟ ದುಡ್ಡಿಗೆ ನ್ಯಾಯ ಮಾಡುತ್ತದೆ.

120ರದ್ದು ಕೊಳ್ಳಬೇಡಿ. ಅದಕ್ಕಿಂತ ಕಡಿಮೆ ಬೆಲೆಯ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120ರಂಥ ಎರಡು ಗೋಪುರದ ಫ್ಯಾನ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಅದರಲ್ಲಿ ಪಂಪ್ ಇಲ್ಲ, ಕೆಡುವುದಕ್ಕೆ ಫ್ಯಾನ್ ಒಂದೇ. 240ರದ್ದಕ್ಕೂ ಇಂಥ ಫ್ಯಾನ್ ಕೂಲರಿಗೂ ಹೆಚ್ಚು ಅಂತರ ಇರುವುದಿಲ್ಲ. ಐ5, ರೈಜನ್ 5, 7800ಎಕ್ಸ್3ಡಿ, ಇವಕ್ಕೆಲ್ಲಾ ನಾನು ಫ್ಯಾನ್ ಕೂಲರನ್ನೇ ಹೇಳುತ್ತೇನೆ. ಕರೆಂಟ್ ಏರಿಳಿತ, ಧೂಳು, ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇಲ್ಲದ ಊರು ಅಂದರೆ ಇನ್ನೂ ಖಂಡಿತವಾಗಿ.

ಐ7, ಐ9, ರೈಜನ್ 9ಕ್ಕೆ 280 ಅಥವಾ 360. ಲೆಕ್ಕ ಹಾಕಿ ನೋಡಿ, ಫ್ಯಾನ್‌ಗಳು ಆವರಿಸುವ ಜಾಗ 240ರಲ್ಲಿ 28,800 ಚದರ ಮಿಲಿಮೀಟರ್, 280ರಲ್ಲಿ 39,200, 360ರಲ್ಲಿ 43,200. 280 ಅನ್ನುವುದು 360ಕ್ಕೆ ಎಷ್ಟು ಹತ್ತಿರ ಇದೆ ಅಲ್ವಾ? ಎಷ್ಟೋ ಜನ ಅದನ್ನು ಕಡೆಗಣಿಸುತ್ತಾರೆ. ಆದರೆ 140ರ ಫ್ಯಾನ್ ಕೂರುವಷ್ಟು ಅಗಲ ನಿಮ್ಮ ಕ್ಯಾಬಿನೆಟ್ಟಿಗೆ ಇರಬೇಕು.

ಅಳತೆ ತೆಗೆದುಕೊಂಡೇ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ. ಸಾಮಾನ್ಯ ರೇಡಿಯೇಟರ್ 27 ಮಿಲಿಮೀಟರ್ ದಪ್ಪ, ಫ್ಯಾನ್ 25, ಒಟ್ಟು 52. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್‌ನ ರೇಡಿಯೇಟರ್ 38 ಇದೆ, ಫ್ಯಾನ್ ಸೇರಿ 63. ಕ್ಯಾಬಿನೆಟ್ಟಿನ ಛಾವಣಿಯಿಂದ ಮದರ್‌ಬೋರ್ಡಿನ ಮೇಲಂಚಿಗೆ ಅಷ್ಟು ಜಾಗ ಇಲ್ಲದಿದ್ದರೆ ಎತ್ತರದ ರ್‍ಯಾಮ್‌ಗೆ ತಾಗುತ್ತದೆ. ಪೆಟ್ಟಿಗೆಯ ಮೇಲೆ ನಿಮ್ಮ ಸಾಕೆಟ್ಟಿನ ಹೆಸರು ಇದೆಯಾ ನೋಡಿ. 2024ರಲ್ಲಿ ಬಂದ ಎಲ್‌ಜಿಎ1851ಕ್ಕೆ 1700ರ ತೂತಿನ ಅಂತರವೇ ಇದೆ, ಹಾಗಾಗಿ 1700ಕ್ಕೆ ಕೊಂಡದ್ದು ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಬಣ್ಣದ ದೀಪ, ಪಂಪಿನ ಮೇಲೆ ಚಿತ್ರ ತೋರಿಸುವ ಪರದೆ, ಇವಕ್ಕೆ ಕೊಡುವ ದುಡ್ಡಿನಿಂದ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಆ ದುಡ್ಡನ್ನು ವಾರಂಟಿ ಜಾಸ್ತಿ ಇರುವ ಮಾದರಿಗೆ ಹಾಕಿ, ಮತ್ತೆ ಪಂಪ್ ಸತ್ತರೆ ಬದಲಿ ಎಲ್ಲಿ ಕೊಡುತ್ತಾರೆ, ಎಷ್ಟು ದಿನಕ್ಕೆ ಕೊಡುತ್ತಾರೆ ಅಂತ ಬಿಲ್ ಮಾಡಿಸುವ ಮುಂಚೆಯೇ ಕೇಳಿ.

ಹಾಕಿಸಿದ ದಿನವೇ ಅದೇ ಅರ್ಧ ಗಂಟೆಯ ಪರೀಕ್ಷೆ ಮಾಡಿ, ಡಿಗ್ರಿ, ವ್ಯಾಟ್, ಕೋಣೆಯ ಉಷ್ಣತೆ, ಪಂಪಿನ ಆರ್‌ಪಿಎಂ ಬರೆದಿಡಿ. ಪ್ರೊಸೆಸರಿನ ಡಿಗ್ರಿಯಿಂದ ಕೋಣೆಯದನ್ನು ಕಳೆದು ಉಳಿದದ್ದು ಮುಖ್ಯ. ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಅದೇ ವ್ಯಾಟಿಗೆ ಈ ಅಂತರ ಹತ್ತು ಡಿಗ್ರಿ ಬೆಳೆದಿದ್ದರೆ ಮೊದಲು ಧೂಳು ತೆಗೆಯಿರಿ, ಆಮೇಲೆ ಪೇಸ್ಟ್ ಬದಲಿಸಿ. ಎರಡೂ ಆದ ಮೇಲೂ ಇಳಿಯದಿದ್ದರೆ ಟ್ಯೂಬ್ ಮುಟ್ಟಿ ನೋಡಿ, ಬರೆದಿಟ್ಟ ಅಂಕಿಗಳ ಜೊತೆ ವಾರಂಟಿಗೆ ಕೊಡಿ.